ಬರದ ವರ್ಷದಲ್ಲಿ ಸಂಘದ ಲೆಕ್ಕ

ಹಿರೇನಲ್ಲೂರು ಹೋಬಳಿಯಲ್ಲಿ ಮಕ್ಕಳಿಗೆ ಸಂಜೆ ಪಾಠ, ಒಂದು ವಾಚನಾಲಯ, ಹೆಣ್ಣುಮಕ್ಕಳಿಗೆ ಹೊಲಿಗೆ ತರಬೇತಿ, ಹೀಗೆ ಏನಾದರೂ ನಡೆಸಬೇಕೆಂದು ಸಂಘ ಕಟ್ಟಿಕೊಂಡಿರುವ ಹೊಸಬರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಆರ್ಥಿಕ ಹಿಂಜರಿತದ ಸುಳಿವು ಮೊದಲು ಸಿಗುವುದು ಮಳೆಯಲ್ಲಿ ಮತ್ತು ಕೊಬ್ಬರಿ ಬೆಲೆಯಲ್ಲಿ. 2023ರಲ್ಲಿ ಎರಡೂ ಒಟ್ಟಿಗೇ ಕೈಕೊಟ್ಟವು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು, ನಮ್ಮ ತಾಲ್ಲೂಕಾದ ಕಡೂರೂ ಅದರಲ್ಲಿ ಸೇರಿತ್ತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಾಟ ನಡೆಯಿತು.

ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ಒಂದು ವರ್ಷ, ಒಣಗಬೇಕು. ಬೆಲೆ ಬಿತ್ತೆಂದರೆ ರೈತ ಅದನ್ನು ಇನ್ನಷ್ಟು ದಿನ ಇಳಿಸುವುದೇ ಇಲ್ಲ. ಸಂಘಕ್ಕೆಂದು ಅವನು ವರ್ಷವೂ ಕೊಡುತ್ತಿದ್ದ ಸಾವಿರ ರೂಪಾಯಿಯೂ ಅಲ್ಲೇ ಅಟ್ಟದ ಮೇಲೆ ಉಳಿಯುತ್ತದೆ. ಅದೇ ವರ್ಷ ಟ್ಯೂಷನ್‌ ಬಿಡಿಸಿದ ಮಕ್ಕಳು ನಿಮ್ಮ ಸಂಜೆ ಪಾಠಕ್ಕೆ ಬಂದು ಕೂರುತ್ತಾರೆ. ದುಡ್ಡು ಕಡಿಮೆ, ಕೆಲಸ ಹೆಚ್ಚು: ಬಜೆಟ್ ಮಾಡುವವರು ಈ ಎರಡನ್ನೂ ಒಟ್ಟಿಗೇ ಎದುರಿಸಬೇಕು.

ಮೊದಲು ಪಾಸ್‌ಬುಕ್ ಓದಲು ಕಲಿಯೋಣ. ಒಂದು ಸಂಘದ ಖಾತೆಯಲ್ಲಿ 1,40,000 ರೂಪಾಯಿ ಇದೆ ಎಂದುಕೊಳ್ಳಿ. ತಿಂಗಳ ಖರ್ಚು: ಇಬ್ಬರು ಶಿಕ್ಷಕಿಯರ ಗೌರವಧನ 20,000, ಬಾಡಿಗೆ 5,000, ಕರೆಂಟು ಮತ್ತು ಪುಸ್ತಕ 3,000, ಮಕ್ಕಳ ತಿಂಡಿಗೆ 4,000, ಒಟ್ಟು 32,000. ನಾಲ್ಕು ತಿಂಗಳಿಗೆ ತೊಂದರೆಯಿಲ್ಲ ಅನ್ನಿಸುತ್ತದೆ. ಆದರೆ ಆ ಮೊತ್ತದಲ್ಲಿ 60,000 ವಾಚನಾಲಯದ ಕಪಾಟಿಗೆಂದೇ ಯಾರೋ ಕೊಟ್ಟದ್ದು. ಅದನ್ನು ಸಂಬಳಕ್ಕೆ ಮುಟ್ಟುವಂತಿಲ್ಲ. ಮುಟ್ಟಲೇಬೇಕಾದರೆ ಕೊಟ್ಟವರನ್ನು ಕೇಳಿ, ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. ಹಾಗಾಗಿ ಕೈಯಲ್ಲಿರುವುದು 80,000, ಅಂದರೆ ಎರಡೂವರೆ ತಿಂಗಳ ಖರ್ಚು. ನಾಲ್ಕು ತಿಂಗಳಿದೆಯೆಂದು ನಂಬಿ ಕೂತ ಸಂಘ ಮೂರನೆಯ ತಿಂಗಳ ನಡುವೆ ಸಾಲ ಕೇಳಲು ಹೊರಡುತ್ತದೆ. ಈ ಒಂದು ಲೆಕ್ಕವನ್ನು ಪ್ರತಿ ತಿಂಗಳ ಮೊದಲ ವಾರ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿ.

ಆದಾಯದ ಪಟ್ಟಿಯಲ್ಲೂ ಹೀಗೇ ಬೇರ್ಪಡಿಸಬೇಕು. ಮಂಜೂರಾಗಿ ಪತ್ರ ಕೈಗೆ ಬಂದಿರುವುದು ಒಂದು ಕಡೆ, ಬಾಯಿಮಾತಿನಲ್ಲಿ ಒಪ್ಪಿಕೊಂಡಿರುವುದು ಇನ್ನೊಂದು ಕಡೆ, ನಮ್ಮ ಆಸೆ ಮತ್ತೊಂದು ಕಡೆ. ಬರದ ವರ್ಷದಲ್ಲಿ ಖರ್ಚಿಗೆ ಒಪ್ಪಿಕೊಳ್ಳುವಾಗ ಮೊದಲನೆಯದನ್ನೇ ನಂಬಿ.

ಕತ್ತರಿ ಎಲ್ಲಿ ಹಾಕಬೇಕು? ವಾರ್ಷಿಕೋತ್ಸವದ ಶಾಮಿಯಾನ, ಶಾಲು-ಹಾರ, ಬಣ್ಣದ ಕರಪತ್ರ ಮೊದಲು ಹೋಗಲಿ. ಗೌರವಧನ ಕೊನೆಗಿರಲಿ. ಪಾಠ ಹೇಳುವ ಹುಡುಗಿ ಎರಡು ತಿಂಗಳು ಬರಿಗೈಲಿ ದುಡಿದು ಕಡೂರಿನ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿಕೊಂಡರೆ, ಮುಂದಿನ ವರ್ಷ ದುಡ್ಡು ಬಂದರೂ ಅವಳು ಬರುವುದಿಲ್ಲ. ಅವಳನ್ನು ನಂಬಿ ಬರುತ್ತಿದ್ದ ಮಕ್ಕಳೂ ಬರುವುದಿಲ್ಲ. ಆರು ದಿನದ ಪಾಠವನ್ನು ನಾಲ್ಕು ದಿನಕ್ಕಿಳಿಸಬೇಕಾಗಿ ಬಂದರೆ ಅದನ್ನು ಮೊದಲೇ ಅವಳ ಜೊತೆ ಕೂತು ಮಾತಾಡಿ.

ಇನ್ನು ಕೇಳುವ ವಿಷಯ. ಕಷ್ಟಕಾಲದಲ್ಲಿ ಕೇಳುವುದು ಹೇಗೆ ಎಂಬ ಸಂಕೋಚ ಹೊಸಬರಿಗೆಲ್ಲ ಇರುತ್ತದೆ. ಕೊಡುತ್ತಿದ್ದವರ ಮನೆಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಕಳೆದ ವರ್ಷದ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಒಯ್ಯಿರಿ. ಸಾವಿರ ಕೊಡುತ್ತಿದ್ದವರು ಇನ್ನೂರು ಕೊಟ್ಟರೆ ಅದಕ್ಕೂ ಅದೇ ರಸೀದಿ, ಅದೇ ನಮಸ್ಕಾರ. ಹಣದ ಬದಲು ರಾಗಿ, ತೆಂಗಿನಕಾಯಿ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳಿ, ಆದರೆ ದಾಸ್ತಾನು ಪುಸ್ತಕದಲ್ಲಿ ಸೇರು, ಸಂಖ್ಯೆ, ಅಂದಿನ ಬೆಲೆ ಬರೆಯಿರಿ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಊರಿನವರು ತೆರಿಗೆ ವಿನಾಯಿತಿ ಕೇಳುತ್ತಾರೆ. ಸಂಘಕ್ಕೆ 80ಜಿ ಮಾನ್ಯತೆ ಇದ್ದರೂ 2,000 ರೂಪಾಯಿಗೆ ಮೀರಿದ ನಗದು ದೇಣಿಗೆಗೆ ವಿನಾಯಿತಿಯಿಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಇಲ್ಲ. ಗೊತ್ತಿದ್ದೂ ಸುಮ್ಮನಿರಬೇಡಿ, ಮೊದಲೇ ಹೇಳಿ. ದೇಣಿಗೆ ಕಡಿಮೆಯಾದರೂ ನಂಬಿಕೆ ಉಳಿಯುತ್ತದೆ.

ಕಂಪನಿಗಳ ಸಿಎಸ್‌ಆರ್ ಹಣದ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ವರ್ಷಕ್ಕೆ 15 ಕೋಟಿ ಲಾಭವಿದ್ದ ಕಂಪನಿ 30 ಲಕ್ಷ ತೆಗೆದಿಡುತ್ತದೆ. ಒಂದು ವರ್ಷ ಲಾಭ 6 ಕೋಟಿಗೆ ಇಳಿಯಿತು ಅನ್ನಿ. ಮೂರು ವರ್ಷದ ಸರಾಸರಿ 12 ಕೋಟಿಯಾಗುತ್ತದೆ, ಸಿಎಸ್‌ಆರ್ 24 ಲಕ್ಷಕ್ಕೆ ಬರುತ್ತದೆ. ಮರುವರ್ಷವೇ ಲಾಭ ಮತ್ತೆ 15 ಕೋಟಿಗೆ ಏರಿದರೂ ಆ ಕೆಟ್ಟ ವರ್ಷ ಸರಾಸರಿಯೊಳಗೆ ಮೂರು ವರ್ಷ ಕೂತಿರುತ್ತದೆ. ಪತ್ರಿಕೆಯಲ್ಲಿ ಚೇತರಿಕೆಯ ಸುದ್ದಿ ನೋಡಿ ನೀವು ಬಜೆಟ್ ಹಿಗ್ಗಿಸಿದಿರೋ, ಬರಬೇಕಾದ ಹಣ ಇನ್ನೂ ಹಳೆಯ ಲೆಕ್ಕದಲ್ಲೇ ಬರುತ್ತಿರುತ್ತದೆ.

ಆದ್ದರಿಂದ ಕಂಪನಿಯೊಂದರ ಹಣದಲ್ಲಿ ನಡೆಯುವ ಕೆಲಸವಿದ್ದರೆ, ಅವರ ಲಾಭ ಇಳಿದ ವರ್ಷವೇ ಭೇಟಿಯಾಗಿ ಮುಂದಿನ ಮೂರು ವರ್ಷಕ್ಕೆ ಎಷ್ಟು ಸಾಧ್ಯ ಎಂದು ಕೇಳಿ. ಆ ಉತ್ತರವನ್ನು ಸರ್ವ ಸದಸ್ಯರ ಸಭೆಯಲ್ಲಿ ಓದಿ ಹೇಳಿ, ಮಾರ್ಚ್ ಮುಗಿಯುವುದರೊಳಗೆ ಹೊಸ ಬಜೆಟ್‌ಗೆ ಒಪ್ಪಿಗೆ ಪಡೆಯಿರಿ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಎಷ್ಟು ಮಕ್ಕಳನ್ನು ಸೇರಿಸಿಕೊಳ್ಳಬಹುದು ಎಂಬುದು ಶಿಕ್ಷಕಿಯರಿಗೆ ಗೊತ್ತಿರಬೇಕು.