ನಾಯಿಯ ಹುಳುಕಡ್ಡಿ: ರಕ್ತಕ್ಕಿಂತ ಮೊದಲು ಕೂದಲು ಕೊಡಿ

ಕಳೆದ ಮಳೆಗಾಲದಲ್ಲಿ ನಮ್ಮ ಮನೆ ನಾಯಿಯ ಕಿವಿ ಹಿಂದೆ ನಾಲ್ಕಾಣೆಯಗಲ ಕೂದಲು ಉದುರಿತು. ಬಚ್ಚಲೊಲೆಯ ಬೂದಿಯಲ್ಲಿ ಮಲಗುವ ನಾಯಿ, ಕೆಂಡ ತಾಗಿರಬೇಕು ಎಂದುಕೊಂಡೆವು. ವಾರದೊಳಗೆ ಇನ್ನೆರಡು ಕಡೆ ಅದೇ ಕಥೆ. ಪೇಟೆಗೆ ಹೋದವ ಒಂದು ಕಡೆ ರಕ್ತ ತೆಗೆಸಿದೆ. ವರದಿಯಲ್ಲಿ ಎಲ್ಲ ಸರಿಯಿತ್ತು. "ರಕ್ತದಗೆ ಎಂತದೂ ಇಲ್ಲೆ ಅಂಬ್ರ್, ಇನ್ನೆಂತಕ್ ಹೆದ್ರೂದ್?" ಅಂತ ಮನೆಯವರಿಗೆ ಧೈರ್ಯ ಹೇಳಿದ್ದೂ ನಾನೇ. ತಿಂಗಳಾಗುವಷ್ಟರಲ್ಲಿ ಮೊಮ್ಮಗನ ಕುತ್ತಿಗೆಯಲ್ಲಿ ಉಂಗುರದಂಥ ಕೆಂಪು ಕಲೆ ಎದ್ದಿತು.

ಕೂದಲಿಗೆ ಕೇಳಬೇಕಾದ ಪ್ರಶ್ನೆಯನ್ನು ರಕ್ತಕ್ಕೆ ಕೇಳಿದ್ದು ನನ್ನ ತಪ್ಪು. ಹುಳುಕಡ್ಡಿ ಎಂಬ ಹೆಸರಿದ್ದರೂ ಅದರಲ್ಲಿ ಹುಳವಿಲ್ಲ, ಅದು ಶಿಲೀಂಧ್ರ. ಕೂದಲು, ಉಗುರು, ಚರ್ಮದ ಮೇಲಿನ ಸತ್ತ ಪದರ ಇಷ್ಟೇ ಅದರ ಆಹಾರ. ಅಲ್ಲಿಗೆ ರಕ್ತ ಹರಿಯುವುದಿಲ್ಲ, ಶಿಲೀಂಧ್ರವೂ ರಕ್ತಕ್ಕೆ ಇಳಿಯುವುದಿಲ್ಲ. ಹಾಗಾಗಿ ರಕ್ತದ ವರದಿ ಚೆನ್ನಾಗಿದೆ ಎಂದರೆ ಹುಳುಕಡ್ಡಿ ಇಲ್ಲ ಎಂದರ್ಥವಲ್ಲ. ಅಡಿಕೆಗೆ ಕೊಳೆರೋಗ ಬಂದಾಗ ಬಾವಿನೀರನ್ನು ಪರೀಕ್ಷೆಗೆ ಕಳಿಸಿದ ಹಾಗೆ ಆಯಿತು ನನ್ನ ಕೆಲಸ.

ಬ್ರಹ್ಮಾವರದಿಂದ ಬೈಂದೂರಿನವರೆಗೆ ಮಳೆಗಾಲದಲ್ಲಿ ನಾಯಿಯ ಮೈ ಒಣಗುವುದೇ ಕಷ್ಟ. ಮೈ ಕೆರೆದು ಕೂದಲು ಉದುರಿದ್ದೆಲ್ಲ ಹುಳುಕಡ್ಡಿಯೂ ಅಲ್ಲ. ಕಜ್ಜಿ ಹುಳ ಇರಬಹುದು. ಕಿವಿಯಲ್ಲಿ ಕಂದು ಜಿಡ್ಡು, ಹಳಸಿದ ವಾಸನೆ ಇದ್ದರೆ ಮಲಸೇಜಿಯ ಎಂಬ ಇನ್ನೊಂದು ಜಾತಿಯ ಶಿಲೀಂಧ್ರ ಇರಬಹುದು. ಕಣ್ಣಳತೆಯಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ಆದರೆ ಚರ್ಮ ಕೆರೆದು ತೆಗೆದ ಹೊಟ್ಟು, ಕಿತ್ತ ಕೂದಲು, ಕಿವಿಯ ಜಿಡ್ಡು ಇವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಿನ ಸಲ ಗುಟ್ಟು ರಟ್ಟಾಗುತ್ತದೆ. ಕೂದಲಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕಿದರೆ ಅದು ತಿಳಿಯಾಗಿ, ಸುತ್ತ ಅಂಟಿದ ಬೀಜಾಣುಗಳು ಕಾಣುತ್ತವೆ. ನೇರಳೆ ಬೆಳಕಿನ ವುಡ್ಸ್ ಲ್ಯಾಂಪ್ ಹಿಡಿದರೆ ಕೆಲವು ಕೂದಲು ಹಸಿರಾಗಿ ಹೊಳೆಯುವುದುಂಟು. ಹೊಳೆಯುವುದು ಮುಖ್ಯವಾಗಿ ಮೈಕ್ರೋಸ್ಪೋರಂ ಕ್ಯಾನಿಸ್ ಎಂಬ ಜಾತಿ ಮಾತ್ರ. ಮಣ್ಣಿನಿಂದ ಬರುವ ಜಾತಿ ಹೊಳೆಯದು, ಆದ್ದರಿಂದ ಹೊಳೆಯದಿದ್ದರೆ ಬಚಾವ್ ಎನ್ನಬೇಡಿ.

ಖಚಿತವಾಗಬೇಕಾದರೆ ಶಿಲೀಂಧ್ರವನ್ನು ಬೆಳೆಸಿ ನೋಡುವುದು. ಇದಕ್ಕೆ ಎರಡು ಮೂರು ವಾರ ಕಾಯಬೇಕು. ನಮಗೆ ಹತ್ತಿರದ ಪಶುವೈದ್ಯಕೀಯ ಕಾಲೇಜು ಘಟ್ಟದ ಮೇಲೆ ಶಿವಮೊಗ್ಗದಲ್ಲಿದೆ. ಊರಿನ ಪಶುವೈದ್ಯರಲ್ಲಿ ವಿಚಾರಿಸಿ, ಫೋನು ಮಾಡಿಯೇ ಹೋಗಿ. ಮಾದರಿ ತೆಗೆಯುವಾಗ ಬೋಳಾದ ಜಾಗದ ನಡುವಿನಿಂದ ಬೇಡ, ಅಂಚಿನಿಂದ ಕೂದಲನ್ನು ಬುಡಸಮೇತ ಕೀಳಬೇಕು. ರೋಗ ಹೊಸದಾಗಿ ಹಬ್ಬುತ್ತಿರುವುದು ಅಲ್ಲೇ. ಕೈಗೆ ಗ್ಲೌಸ್ ಇರಲಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿದರೆ ಬೆವತು ಬೇರೆ ಬೂಷ್ಟು ಬೆಳೆಯುತ್ತದೆ, ಕಾಗದದ ಲಕೋಟೆಯೇ ಸರಿ. ಅದಕ್ಕೆ ಮೊದಲು ಮುಲಾಮು ಹಚ್ಚಬೇಡಿ. ಮನುಷ್ಯರಿಗೆ ಅಂತ ಮೆಡಿಕಲ್ಲಿನಲ್ಲಿ ಸಿಗುವ, ಸ್ಟೀರಾಯ್ಡ್ ಬೆರೆತ ಟ್ಯೂಬಂತೂ ಬೇಡವೇ ಬೇಡ. ಕೆಂಪು ಇಳಿಯುತ್ತದೆ, ಒಳಗಿಂದೊಳಗೆ ರೋಗ ಹಬ್ಬುತ್ತದೆ.

ಹಾಗಾದರೆ ರಕ್ತ ಪರೀಕ್ಷೆ ದಂಡವೇ? ಅಲ್ಲ. ಜ್ವರ, ಊಟ ಬಿಟ್ಟದ್ದು, ವಸಡು ಬಿಳಿಚಿದ್ದು, ಮೂಗಿನಲ್ಲಿ ರಕ್ತ, ಇಂಥದ್ದಿದ್ದರೆ ತಡಮಾಡದೆ ರಕ್ತ ಕೊಡಿ. ನಮ್ಮ ಕಡೆ ಮೊದಲ ಸಂಶಯ ಉಣ್ಣಿ ಜ್ವರದ ಮೇಲೆ. ಎರ್ಲಿಕಿಯಾ, ಬಬೇಸಿಯಾ ಎರಡನ್ನೂ ಹುಡುಕುವುದು ರಕ್ತದಲ್ಲೇ. ಒಂದು ಸಲ ಗಾಜಿನ ಮೇಲೆ ಕಾಣದಿದ್ದರೂ ಲಕ್ಷಣ ಇದ್ದರೆ ಮತ್ತೆ ನೋಡಿಸಬೇಕು. (ಘಟ್ಟದ ಬುಡದವರು ಮೂಗಿನೊಳಗೆ ಜಿಗಣೆ ಹೊಕ್ಕಿದೆಯೋ ಎಂದೂ ನೋಡಿ. ತೋಡಿನ ನೀರು ಕುಡಿಯುವಾಗ ಸೇರಿಕೊಳ್ಳುತ್ತದೆ.)

ರಕ್ತದಲ್ಲಿ ಸುಳಿವು ಕೊಡುವ ಶಿಲೀಂಧ್ರಗಳೂ ಇವೆ, ಆದರೆ ಅವು ದೇಹದೊಳಗೆ ಇಳಿಯುವಂಥವು. ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೋಕಾಕಸ್ ಅಂಥದ್ದೊಂದು, ಅದನ್ನು ರಕ್ತದಲ್ಲಿ ಚೆನ್ನಾಗಿ ಗುರುತಿಸಬಹುದು. ಮೂಗಿನೊಳಗೆ ಬೆಳೆಯುವ ಆಸ್ಪರ್ಜಿಲಸ್‌ಗೂ ರಕ್ತ ಪರೀಕ್ಷೆ ಉಂಟು. ಇದೆ ಎಂದು ಬಂದರೆ ನಂಬಬಹುದು, ಇಲ್ಲ ಎಂದು ಬಂದರೆ ಪೂರ್ತಿ ನಂಬುವ ಹಾಗಿಲ್ಲ. ಅಮೆರಿಕದ ಅರಿಝೋನದಂಥ ಒಣ ಸೀಮೆಯಲ್ಲಿ ಮಣ್ಣಿನ ಧೂಳಿನಿಂದ ನಾಯಿಯ ಶ್ವಾಸಕೋಶಕ್ಕೆ ಶಿಲೀಂಧ್ರ ಹೋಗುತ್ತದೆ. ಅಲ್ಲಿನ ವೈದ್ಯರು ರಕ್ತ ಪರೀಕ್ಷೆಯನ್ನೇ ಮೊದಲು ಮಾಡಿಸುತ್ತಾರೆ. ಅಲ್ಲಿಯ ಕ್ರಮ ನಮ್ಮ ನಾಯಿಯ ಕಿವಿ ಹಿಂದಿನ ಹುಳುಕಡ್ಡಿಗೆ ಹೊಂದುವುದಿಲ್ಲ.

ಇನ್ನೊಂದು ಕಡೆ ರಕ್ತ ಉಪಯೋಗಕ್ಕೆ ಬರುತ್ತದೆ. ಹುಳುಕಡ್ಡಿಗೆ ತಿಂಗಳುಗಟ್ಟಲೆ ಕೊಡುವ ಕೆಲವು ಮಾತ್ರೆಗಳು ಯಕೃತ್ತಿಗೆ ಭಾರ. ಶುರು ಮಾಡುವ ಮೊದಲು ಯಕೃತ್ತು ಹೇಗಿದೆ ನೋಡಿಸಿದರೆ ಒಳ್ಳೆಯದು. ಗಬ್ಬದ ನಾಯಿಯಾದರೆ ವೈದ್ಯರಿಗೆ ಮೊದಲೇ ಹೇಳಿ, ಗ್ರಿಸಿಯೋಫಲ್ವಿನ್ ಮಾತ್ರೆ ಮರಿಗಳಿಗೆ ಅಪಾಯ.

ನಮ್ಮ ನಾಯಿಯ ಕೂದಲಲ್ಲಿ ಕೊನೆಗೂ ಬೀಜಾಣು ಸಿಕ್ಕಿತು. ಮದ್ದು ಶುರುವಾದ ಮೇಲೆ ಅದು ಮಲಗುವ ಗೋಣಿಯನ್ನು ಸುಟ್ಟೆವು, ಮಕ್ಕಳನ್ನು ದೂರ ಇಟ್ಟೆವು, ಮನೆಯ ಬೆಕ್ಕನ್ನೂ ತೋರಿಸಿದೆವು. ಬೆಕ್ಕಿನ ಮೈಯಲ್ಲಿ ಹೊರಗೆ ಏನೂ ಕಾಣದೆಯೂ ಬೀಜಾಣು ಇರುತ್ತದಂತೆ. ಕೂದಲು ಹುಟ್ಟಿದ ಕೂಡಲೇ ಮದ್ದು ನಿಲ್ಲಿಸಲು ಹೊರಟಿದ್ದೆ, ವೈದ್ಯರು ಬಿಡಲಿಲ್ಲ. ಇನ್ನೊಮ್ಮೆ ಕೂದಲು ಕೊಟ್ಟು, ಬೀಜಾಣು ಇಲ್ಲ ಎಂದಾದ ಮೇಲೆಯೇ ನಿಲ್ಲಿಸಿದ್ದು.