ಕಾಲೇಜೋ? ಕರಾರೋ? — ಅಮೇರಿಕದ ಬೇಸ್‌ಬಾಲ್ ವಿದ್ಯಾರ್ಥಿಗಳ ಮುಂದಿರುವ ಪ್ರಶ್ನೆ



ಆಟವೂ ಒಂದು ವಿದ್ಯೆ ಎಂದು ಹಿರಿಯರು ಹೇಳುತ್ತಾರೆ. ಆದರೆ ಆಟವೇ ಅನ್ನ ಕೊಡುವ ಉದ್ಯೋಗವೂ ಆಗಿರುವ ದೇಶಗಳಲ್ಲಿ ಹದಿನೆಂಟು ವರ್ಷದ ಹುಡುಗನ ಮುಂದೆ ಒಂದು ಕಠಿಣ ಪ್ರಶ್ನೆ ಬಂದು ನಿಲ್ಲುತ್ತದೆ. ಓದನ್ನು ಮುಂದುವರಿಸಬೇಕೇ, ಅಥವಾ ಹಣ ಕೊಡಲು ಸಿದ್ಧವಾಗಿರುವ ತಂಡಕ್ಕೆ ಸಹಿ ಹಾಕಬೇಕೇ? ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ಬೇಸ್‌ಬಾಲ್ ಆಡುವ ಸಾವಿರಾರು ಹುಡುಗರು ಪ್ರತಿವರ್ಷವೂ ಈ ಪ್ರಶ್ನೆಯನ್ನು ಎದುರಿಸುತ್ತಾರೆ. ಅವರು ಹೇಗೆ ತೂಗಿ ನೋಡುತ್ತಾರೆ, ಯಾರಿಗೆ ಲಾಭವಾಯಿತು, ಯಾರಿಗೆ ನಷ್ಟವಾಯಿತು ಎಂಬುದನ್ನು ತಿಳಿಯುವುದು ನಮಗೂ ಉಪಯುಕ್ತ.

ಆಟದ ಪರಿಚಯ

ಬೇಸ್‌ಬಾಲ್ ನಮ್ಮ ಕ್ರಿಕೆಟಿನ ದೂರದ ನೆಂಟ. ಒಂದೊಂದು ತಂಡದಲ್ಲಿ ಒಂಬತ್ತು ಮಂದಿ, ಒಟ್ಟು ಒಂಬತ್ತು ಇನ್ನಿಂಗ್ಸ್. ಚೆಂಡನ್ನು ಎಸೆಯುವವನಿಗೆ ಪಿಚ್ಚರ್ ಎಂದು ಹೆಸರು. ಆತ 60 ಅಡಿ 6 ಅಂಗುಲ ದೂರದಿಂದ, ನೆಲಕ್ಕೆ ಪುಟಿಸದೆ, ನೇರವಾಗಿ ದಾಂಡಿಗನತ್ತ ಎಸೆಯುತ್ತಾನೆ. ಉತ್ತಮ ಪಿಚ್ಚರನ ಚೆಂಡು ಗಂಟೆಗೆ 150 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುತ್ತದೆ. ದಾಂಡಿಗನು ಮೂರು ಒಳ್ಳೆಯ ಎಸೆತಗಳನ್ನು ತಪ್ಪಿಸಿಕೊಂಡರೆ ಔಟಾಗುತ್ತಾನೆ.

ಇಂತಹ ವೇಗಕ್ಕೆ ತೆರಬೇಕಾದ ಬೆಲೆ ಮೊಣಕೈಯದು. ಮೊಣಕೈಯ ಒಳಬದಿಯ ಸ್ನಾಯುಬಂಧ ಹರಿದರೆ, ದೇಹದ ಬೇರೆ ಭಾಗದಿಂದ ತೆಗೆದ ತಂತುವನ್ನು ಅಲ್ಲಿ ಕೂಡಿಸುವ ಶಸ್ತ್ರಚಿಕಿತ್ಸೆಯನ್ನು ಡಾಕ್ಟರ್ ಫ್ರಾಂಕ್ ಜೋಬ್ ಎಂಬವರು 1974ರಲ್ಲಿ ಮೊದಲ ಬಾರಿಗೆ ಮಾಡಿದರು. ಟಾಮಿ ಜಾನ್ ಎಂಬ ಆ ಆಟಗಾರನ ಹೆಸರೇ ಈ ಚಿಕಿತ್ಸೆಗೆ ಉಳಿದುಕೊಂಡಿದೆ. ಚಿಕಿತ್ಸೆಯ ನಂತರ ಮತ್ತೆ ಆಡಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಈ ವಿಷಯವನ್ನು ನೆನಪಿನಲ್ಲಿಡಿರಿ. ಮುಂದೆ ಹೇಳುವ ಲೆಕ್ಕಾಚಾರವೆಲ್ಲ ಈ ಮೊಣಕೈಯ ಸುತ್ತಲೇ ತಿರುಗುತ್ತದೆ.

ಓಮಾಹಾ ನಗರದ ದಾರಿ

ಅಮೇರಿಕದ ಕಾಲೇಜುಗಳ ಮೊದಲ ದರ್ಜೆಯಲ್ಲಿ ಸುಮಾರು 300 ಬೇಸ್‌ಬಾಲ್ ತಂಡಗಳಿವೆ. ವಸಂತದ ಪಂದ್ಯಗಳೆಲ್ಲ ಮುಗಿದ ಮೇಲೆ 64 ತಂಡಗಳನ್ನು ಅಂತಿಮ ಪಂದ್ಯಾವಳಿಗೆ ಆರಿಸುತ್ತಾರೆ. ಈ ಕ್ರಮ 1999ರಿಂದ ನಡೆದುಬಂದಿದೆ. ನಾಲ್ಕು ನಾಲ್ಕು ತಂಡಗಳ 16 ಗುಂಪುಗಳು. ಒಂದು ಸಲ ಸೋತವರಿಗೆ ಇನ್ನೊಂದು ಅವಕಾಶ ಉಂಟು, ಎರಡು ಸಲ ಸೋತವರು ಮನೆಗೆ. ಹೀಗೆ ಗೆದ್ದ 16 ತಂಡಗಳು ಜೋಡಿಯಾಗಿ ಮೂರು ಪಂದ್ಯಗಳ ಸರಣಿ ಆಡುತ್ತವೆ. ಅದರಲ್ಲಿ ಗೆದ್ದ ಎಂಟು ತಂಡಗಳು ನೆಬ್ರಾಸ್ಕ ರಾಜ್ಯದ ಓಮಾಹಾ ನಗರವನ್ನು ಸೇರುತ್ತವೆ. ಅಲ್ಲಿ ನಡೆಯುವುದೇ ‘ಕಾಲೇಜ್ ವರ್ಲ್ಡ್ ಸೀರೀಸ್’.

ಈ ಪಂದ್ಯಾವಳಿ ಆರಂಭವಾದದ್ದು 1947ರಲ್ಲಿ, ಮಿಷಿಗನ್ ರಾಜ್ಯದ ಕಲಮಜೂ ಎಂಬ ಊರಿನಲ್ಲಿ. ಆ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ಯೇಲ್ ವಿಶ್ವವಿದ್ಯಾನಿಲಯವನ್ನು ಸೋಲಿಸಿತು. ಸೋತ ಯೇಲ್ ತಂಡದಲ್ಲಿ ಆಡಿದ್ದ ಒಬ್ಬ ವಿದ್ಯಾರ್ಥಿ ಜಾರ್ಜ್ ಬುಷ್. ಅವರೇ 1989ರಲ್ಲಿ ಅಮೇರಿಕದ ಅಧ್ಯಕ್ಷರಾದರು. 1950ರಿಂದ ಪಂದ್ಯಾವಳಿಯ ನೆಲೆ ಓಮಾಹಾ. ಅಲ್ಲಿಯ ಕಾಲೇಜು ಹುಡುಗರಿಗೆ ‘ಓಮಾಹಾಕ್ಕೆ ಹೋಗುವುದು’ ಎಂದರೆ ಜನ್ಮ ಸಾರ್ಥಕವಾದಂತೆ.

ಆಯ್ಕೆಯ ಪದ್ಧತಿ

ಇನ್ನೊಂದು ಕಡೆ ವೃತ್ತಿಪರ ತಂಡಗಳಿವೆ. ಅವುಗಳ ಸಂಖ್ಯೆ 30. ಹೊಸ ಆಟಗಾರರನ್ನು ಸೇರಿಸಿಕೊಳ್ಳಲು ಅವು ವರ್ಷಕ್ಕೊಮ್ಮೆ ‘ಡ್ರಾಫ್ಟ್’ ಎಂಬ ಆಯ್ಕೆಯನ್ನು ನಡೆಸುತ್ತವೆ. ಇದು ನಮ್ಮ ಐ.ಪಿ.ಎಲ್. ಹರಾಜಿನಂತಲ್ಲ. ಹರಾಜಿನಲ್ಲಿ ಹೆಚ್ಚು ಬೆಲೆ ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಡ್ರಾಫ್ಟಿನಲ್ಲಿ ತಂಡಗಳು ಸರದಿಯಂತೆ ಒಬ್ಬೊಬ್ಬನ ಹೆಸರು ಹೇಳುತ್ತವೆ. ಒಂದು ತಂಡ ಹೆಸರು ಹೇಳಿದ ಮೇಲೆ ನಿಗದಿಯಾದ ದಿನದವರೆಗೆ ಬೇರೆ ತಂಡ ಆತನೊಡನೆ ಕರಾರು ಮಾಡುವಂತಿಲ್ಲ. ದುರ್ಬಲ ತಂಡಕ್ಕೆ ಮೊದಲ ಸರದಿ ಸಿಗಲಿ ಎಂಬುದು ಉದ್ದೇಶ. 2023ರಿಂದ ಮೊದಲ ಆರು ಸ್ಥಾನಗಳನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ.

ಈ ಪದ್ಧತಿ 1965ರಲ್ಲಿ ಆರಂಭವಾಯಿತು. ಅಂದು ಎಲ್ಲರಿಗಿಂತ ಮೊದಲು ಹೆಸರು ಬಂದದ್ದು ಅರಿಜೋನಾ ಸ್ಟೇಟ್ ವಿಶ್ವವಿದ್ಯಾನಿಲಯದ ರಿಕ್ ಮಂಡೇ ಎಂಬ ವಿದ್ಯಾರ್ಥಿಗೆ. ಅದೇ ವರ್ಷ ಆತನ ಕಾಲೇಜು ಓಮಾಹಾದಲ್ಲಿ ಗೆದ್ದಿತ್ತು.

ನಿಯಮದ ಮುಖ್ಯಾಂಶಗಳು ಇವು. ಪ್ರೌಢಶಾಲೆ ಮುಗಿಸಿದವನನ್ನು ಆರಿಸಬಹುದು. ಆದರೆ ಆತ ನಾಲ್ಕು ವರ್ಷದ ಕಾಲೇಜಿಗೆ ಸೇರಿಬಿಟ್ಟರೆ, ಮೂರು ವರ್ಷ ಓದುವ ತನಕ ಅಥವಾ 21 ವರ್ಷ ತುಂಬುವ ತನಕ ಮತ್ತೆ ಆರಿಸುವಂತಿಲ್ಲ. ಆರಿಸಲ್ಪಟ್ಟವನು ಒಪ್ಪಲೇಬೇಕೆಂದಿಲ್ಲ. ಒಪ್ಪಿದರೆ ಸಹಿ ಹಾಕುವಾಗ ಒಂದು ಇಡುಗಂಟು ಸಿಗುತ್ತದೆ. ಒಮ್ಮೆ ವೃತ್ತಿಪರ ಕರಾರಿಗೆ ಸಹಿ ಹಾಕಿದವನು ಕಾಲೇಜು ತಂಡದಲ್ಲಿ ಮತ್ತೆ ಬೇಸ್‌ಬಾಲ್ ಆಡುವಂತಿಲ್ಲ. ಹೀಗೆ ಬಾಗಿಲು ಎರಡು ಸಲ ತೆರೆಯುತ್ತದೆ: ಹದಿನೆಂಟರಲ್ಲಿ ಒಮ್ಮೆ, ಇಪ್ಪತ್ತೊಂದರ ಸುಮಾರಿಗೆ ಇನ್ನೊಮ್ಮೆ.

ಈಗ ಒಂದು ಸಣ್ಣ ಲೆಕ್ಕ. 2021ರಿಂದ ಡ್ರಾಫ್ಟಿನಲ್ಲಿ 20 ಸುತ್ತುಗಳು. 30 ತಂಡಗಳೆಂದರೆ ವರ್ಷಕ್ಕೆ 600ಕ್ಕಿಂತ ಸ್ವಲ್ಪ ಹೆಚ್ಚು ಹುಡುಗರು. ಆದರೆ ಮೇಲಿನ ದರ್ಜೆಯ ಒಂದೊಂದು ತಂಡದಲ್ಲಿ ಇರುವುದು 26 ಸ್ಥಾನ, ಒಟ್ಟು 780. ಅವೆಲ್ಲ ಹಳಬರಿಂದ ತುಂಬಿರುತ್ತವೆ. ಹೊಸಬರೆಲ್ಲ ಕೆಳಗಿನ ಮೆಟ್ಟಿಲುಗಳ ತಂಡಗಳಲ್ಲಿ ವರ್ಷಗಟ್ಟಲೆ ಕಾಯಬೇಕು. ಅಲ್ಲಿಯ ಸಂಬಳವೂ ದೊಡ್ಡದಲ್ಲ. 2023ರ ಒಪ್ಪಂದದಂತೆ ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿ ವರ್ಷಕ್ಕೆ ಕನಿಷ್ಠ 19,800 ಡಾಲರ್, ಅತ್ಯಂತ ಮೇಲಿನದರಲ್ಲಿ 35,800 ಡಾಲರ್. ಅದಕ್ಕೆ ಮೊದಲು ಕೆಳಗಿನ ಮೆಟ್ಟಿಲಿನಲ್ಲಿ ಸಿಗುತ್ತಿದ್ದುದು ಬರೇ 4,800 ಡಾಲರ್. ಅಮೇರಿಕದ ಖರ್ಚಿಗೆ ಅದು ಏನೇನೂ ಸಾಲದು. ಆದುದರಿಂದ ಇಡುಗಂಟಿನ ಗಾತ್ರವೇ ಮುಖ್ಯವಾಗುತ್ತದೆ.

ಕೆಲವರ ಕಥೆ

‘ಅತಿ ಆಸೆ ಗತಿಗೇಡು’ ಎನ್ನುತ್ತದೆ ಒಂದು ಗಾದೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎನ್ನುತ್ತದೆ ಇನ್ನೊಂದು. ಬಂದ ಹಣವನ್ನು ಬಿಟ್ಟವನಿಗೆ ಮೊದಲನೆಯದನ್ನೂ, ಬೇಗ ಸಹಿ ಹಾಕಿದವನಿಗೆ ಎರಡನೆಯದನ್ನೂ ಹೇಳಿಬಿಡುವುದು ಸುಲಭ. ಆದರೆ ನಿಜವಾಗಿ ಏನಾಯಿತೆಂಬುದನ್ನು ನೋಡೋಣ.

ಗೆರಿಟ್ ಕೋಲ್ ಎಂಬ ಪಿಚ್ಚರನನ್ನು 2008ರಲ್ಲಿ, ಪ್ರೌಢಶಾಲೆ ಮುಗಿದೊಡನೆ, ಪ್ರಸಿದ್ಧ ನ್ಯೂಯಾರ್ಕ್ ಯಾಂಕೀಸ್ ತಂಡವು ಮೊದಲ ಸುತ್ತಿನಲ್ಲೇ ಆರಿಸಿತು. ಆತ ಒಪ್ಪದೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ. 2010ರಲ್ಲಿ ಆತನ ತಂಡ ಓಮಾಹಾದ ಅಂತಿಮ ಹಣಾಹಣಿಯವರೆಗೆ ಹೋಗಿ ಸೋತಿತು. 2011ರ ಡ್ರಾಫ್ಟಿನಲ್ಲಿ ಆತನದೇ ಮೊದಲ ಹೆಸರು. ಇಡುಗಂಟು 80 ಲಕ್ಷ ಡಾಲರ್. ಮುಂದೆ 2019ರ ಕೊನೆಗೆ ಅದೇ ಯಾಂಕೀಸ್ ತಂಡವು ಒಂಬತ್ತು ವರ್ಷಕ್ಕೆ 32 ಕೋಟಿ 40 ಲಕ್ಷ ಡಾಲರಿನ ಕರಾರು ಮಾಡಿಕೊಂಡಿತು.

ಡಿಲನ್ ಕ್ರೂಸ್ 2020ರಲ್ಲಿ ಡ್ರಾಫ್ಟಿನಿಂದ ತನ್ನ ಹೆಸರನ್ನೇ ಹಿಂದಕ್ಕೆ ಪಡೆದು ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಸೇರಿದ. 2023ರಲ್ಲಿ ಆತನೂ ಪಿಚ್ಚರ್ ಪಾಲ್ ಸ್ಕೀನ್ಸ್‌ನೂ ಕೂಡಿ ಆ ಕಾಲೇಜಿಗೆ ಓಮಾಹಾದ ಪ್ರಶಸ್ತಿ ತಂದರು. ಮುಂದಿನ ತಿಂಗಳ ಡ್ರಾಫ್ಟಿನಲ್ಲಿ ಸ್ಕೀನ್ಸ್ ಮೊದಲನೆಯವನು, ಕ್ರೂಸ್ ಎರಡನೆಯವನು. ಒಂದೇ ಕಾಲೇಜಿನ ಇಬ್ಬರು ಹೀಗೆ ಮೊದಲೆರಡು ಸ್ಥಾನ ಪಡೆದದ್ದು ಅದೇ ಮೊದಲು. ಇಡುಗಂಟು ಕ್ರಮವಾಗಿ 92 ಲಕ್ಷ ಮತ್ತು 90 ಲಕ್ಷ ಡಾಲರ್.

ಹಾಗಾದರೆ ಕಾದವರೆಲ್ಲ ಗೆದ್ದರೇ? ಇಲ್ಲ. ಮಾರ್ಕ್ ಅಪ್ಪೆಲ್ ಎಂಬ ಪಿಚ್ಚರನು 2012ರಲ್ಲಿ ಎಂಟನೆಯವನಾಗಿ ಆಯ್ಕೆಯಾದ. 38 ಲಕ್ಷ ಡಾಲರನ್ನು ಬೇಡವೆಂದು ನಾಲ್ಕನೆಯ ವರ್ಷ ಓದಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಮರಳಿದ. 2013ರಲ್ಲಿ ಮೊದಲ ಸ್ಥಾನವೂ 63 ಲಕ್ಷ 50 ಸಾವಿರ ಡಾಲರೂ ದೊರೆತವು. ಲೆಕ್ಕ ಸರಿಯಾಯಿತು, ಆದರೆ ಆಟ ಕೈಕೊಟ್ಟಿತು. 2018ರಲ್ಲಿ ಆತ ಆಟದಿಂದ ದೂರ ಸರಿದ. 2021ರಲ್ಲಿ ಮರಳಿ ಬಂದು, 2022ರ ಜೂನ್‌ನಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಮೇಲಿನ ದರ್ಜೆಯಲ್ಲಿ ಮೊದಲ ಬಾರಿ ಚೆಂಡೆಸೆದ. ಆಡಿದ್ದು ಕೆಲವೇ ಪಂದ್ಯಗಳು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಟೆಕ್ಸಾಸಿನ ಕ್ಲೇಟನ್ ಕರ್ಶಾ 2006ರಲ್ಲಿ ಪ್ರೌಢಶಾಲೆ ಮುಗಿಸಿ ನೇರವಾಗಿ ಲಾಸ್ ಏಂಜಲೀಸ್ ಡಾಜರ್ಸ್ ತಂಡಕ್ಕೆ ಸಹಿ ಹಾಕಿದ. ಇಪ್ಪತ್ತನೆಯ ವಯಸ್ಸಿಗೇ ಮೇಲಿನ ದರ್ಜೆಗೆ ಏರಿ, 2025ರಲ್ಲಿ ನಿವೃತ್ತನಾಗುವ ತನಕ ಅದೇ ತಂಡದಲ್ಲಿದ್ದ. ವರ್ಷದ ಶ್ರೇಷ್ಠ ಪಿಚ್ಚರ್ ಎಂಬ ಪ್ರಶಸ್ತಿಯನ್ನು ಮೂರು ಸಲ ಪಡೆದ. ಬೇಗ ಸಹಿ ಹಾಕಿದವರೆಲ್ಲ ಆತುರಗಾರರಲ್ಲ.

ಕುಮಾರ್ ರಾಕರ್

ನಮ್ಮ ಮಕ್ಕಳ ಗಮನ ಸೆಳೆಯುವ ಹೆಸರೊಂದುಂಟು: ಕುಮಾರ್ ರಾಕರ್. ಈತನ ತಾಯಿಯ ಮನೆಯವರು ಭಾರತದಿಂದ ವಲಸೆ ಹೋದವರು. 2018ರಲ್ಲಿ ಪ್ರೌಢಶಾಲೆ ಮುಗಿಸಿದಾಗಲೇ ಹೆಸರುವಾಸಿಯಾದ ಪಿಚ್ಚರ್. ಆದರೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯಕ್ಕೆ ಹೋಗುವುದು ಬಹುತೇಕ ಖಚಿತವಾಗಿದ್ದುದರಿಂದ ಆತನ ಹೆಸರು ಬಂದದ್ದು 38ನೆಯ ಸುತ್ತಿನಲ್ಲಿ (ಆಗ ಸುತ್ತುಗಳು 40). ಆತ ಕಾಲೇಜಿಗೇ ಹೋದ.

2019ರ ಜೂನ್ 8ರಂದು ಡ್ಯೂಕ್ ವಿಶ್ವವಿದ್ಯಾನಿಲಯದ ವಿರುದ್ಧ ಓಮಾಹಾಕ್ಕೆ ಮುಂಚಿನ ಸರಣಿ. ವ್ಯಾಂಡರ್‌ಬಿಲ್ಟ್ ಮೊದಲ ಪಂದ್ಯವನ್ನು ಸೋತಿತ್ತು. ಇನ್ನೊಂದು ಸೋತರೆ ವರ್ಷ ಮುಗಿದಂತೆ. ಅಂದು ಮೊದಲ ವರ್ಷದ ವಿದ್ಯಾರ್ಥಿ ಕುಮಾರ್ ಎದುರಾಳಿಗಳಿಗೆ ಒಂದೇ ಒಂದು ಯಶಸ್ವಿ ಹೊಡೆತವನ್ನೂ ಬಿಟ್ಟುಕೊಡದೆ, 19 ಮಂದಿಯನ್ನು ಮೂರು ಎಸೆತಗಳ ಲೆಕ್ಕದಲ್ಲಿ ಔಟ್ ಮಾಡಿದ. ಆ ವರ್ಷ ಓಮಾಹಾದ ಪ್ರಶಸ್ತಿ ವ್ಯಾಂಡರ್‌ಬಿಲ್ಟಿಗೆ, ಶ್ರೇಷ್ಠ ಆಟಗಾರನ ಗೌರವ ಕುಮಾರನಿಗೆ.

2021ರಲ್ಲಿ ವ್ಯಾಂಡರ್‌ಬಿಲ್ಟ್ ಮತ್ತೆ ಅಂತಿಮ ಸರಣಿಗೆ ಬಂದಿತು. ಡ್ರಾಫ್ಟಿಗೆ ಉಳಿದಿದ್ದುದು ಎರಡು ವಾರಕ್ಕೂ ಕಡಿಮೆ. ನಿರ್ಣಾಯಕ ಮೂರನೆಯ ಪಂದ್ಯದಲ್ಲಿ ಚೆಂಡೆಸೆಯಲು ಇಳಿದವನು ಕುಮಾರನೇ. ಮಿಸಿಸಿಪ್ಪಿ ಸ್ಟೇಟ್ ತಂಡ 9–0 ಅಂತರದಿಂದ ಗೆದ್ದಿತು. ಜುಲೈಯಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡವು ಆತನನ್ನು ಹತ್ತನೆಯವನಾಗಿ ಆರಿಸಿತು. ಆದರೆ ವೈದ್ಯಕೀಯ ಪರೀಕ್ಷೆಯ ಬಳಿಕ ತೋಳಿನ ಬಗೆಗೆ ಸಂಶಯಪಟ್ಟು ಕರಾರನ್ನು ಮಾಡಿಕೊಳ್ಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆತ ಎದೆಗುಂದಲಿಲ್ಲ. ಭುಜಕ್ಕೆ ಚಿಕಿತ್ಸೆ ಮಾಡಿಸಿಕೊಂಡು, 2022ರಲ್ಲಿ ಒಂದು ಚಿಕ್ಕ ಸ್ವತಂತ್ರ ತಂಡದಲ್ಲಿ ಆಡಿ ತೋರಿಸಿದ. ಆ ವರ್ಷದ ಡ್ರಾಫ್ಟಿನಲ್ಲಿ ಟೆಕ್ಸಾಸ್ ರೇಂಜರ್ಸ್ ತಂಡ ಆತನನ್ನು ಮೂರನೆಯವನಾಗಿ ಆರಿಸಿ 52 ಲಕ್ಷ ಡಾಲರ್ ಕೊಟ್ಟಿತು. 2023ರಲ್ಲಿ ಮೊಣಕೈಗೆ ಟಾಮಿ ಜಾನ್ ಚಿಕಿತ್ಸೆ. 2024ರ ಸೆಪ್ಟೆಂಬರಿನಲ್ಲಿ ಕೊನೆಗೂ ಮೇಲಿನ ದರ್ಜೆಯ ಮೈದಾನಕ್ಕೆ ಇಳಿದ.

ತೂಗಿ ನೋಡುವ ಬಗೆ

ಈ ಕಥೆಗಳಿಂದ ಒಂದು ಮಾತು ಸ್ಪಷ್ಟ. ಗೆಲುವು ಸೋಲುಗಳನ್ನು ಮೊದಲೇ ಹೇಳಲು ಯಾರಿಂದಲೂ ಆಗದು. ಹೇಳಬಹುದಾದದ್ದು ಇಷ್ಟೇ: ಮರಳಲು ಇನ್ನೊಂದು ದಾರಿ ಇರುವವನ ಮಾತಿಗೆ ತೂಕ ಹೆಚ್ಚು. ಮೂರನೆಯ ವರ್ಷದ ವಿದ್ಯಾರ್ಥಿ “ಹಣ ಸಾಲದು, ನಾನು ಕಾಲೇಜಿಗೆ ಮರಳುತ್ತೇನೆ” ಎನ್ನಬಲ್ಲ. ಆದುದರಿಂದ ತಂಡದವರು ಬೆಲೆ ಏರಿಸುತ್ತಾರೆ. ಓದಿನ ಜೊತೆಗೆ ಕಾಲೇಜಿನಲ್ಲಿ ಆಡುವ ಅವಕಾಶವೂ ಮುಗಿದವನಿಗೆ ಹಾಗೆನ್ನಲು ಬರುವುದಿಲ್ಲ. ಅದೇ ಆಟ, ಅದೇ ತೋಳು ಇದ್ದರೂ ಆತನಿಗೆ ಸಿಗುವ ಇಡುಗಂಟು ಸಾಮಾನ್ಯವಾಗಿ ತೀರ ಚಿಕ್ಕದು. ಕೋಲ್, ಕ್ರೂಸ್ ಇವರಿಗೆ ಕಾಯಲು ಧೈರ್ಯ ಬಂದದ್ದು ಈ ಬೆಂಬಲದಿಂದಲೇ.

ಅಲ್ಲಿಯ ತಿಳಿದ ತಂದೆತಾಯಿಗಳು ಸಹಿಗೆ ಮುಂಚೆ ಕೇಳುವ ಪ್ರಶ್ನೆಗಳು ನಾಲ್ಕು. ಒಂದು, ಈ ಹಣ ತೆರಿಗೆ ಹೋಗಿ ಎಷ್ಟು ಉಳಿಯುತ್ತದೆ, ಎಷ್ಟು ವರ್ಷಕ್ಕೆ ಬರುತ್ತದೆ? ಎರಡು, ನಾಳೆ ತೋಳಿಗೆ ಪೆಟ್ಟಾದರೆ ಗತಿಯೇನು? ಮೂರು, ಮಗನು ಮನೆಯಿಂದ ದೂರ, ಒಬ್ಬನೇ, ಸೋಲುಗಳ ನಡುವೆ ಬದುಕುವಷ್ಟು ಪಕ್ವನಾಗಿದ್ದಾನೆಯೇ? ನಾಲ್ಕು, ಆಟ ಬಿಟ್ಟ ಮೇಲೆ ಓದಲು ಏನು ಏರ್ಪಾಡು? ಕಾಲೇಜಿನ ವೆಚ್ಚವನ್ನು ಮುಂದೆ ತಂಡವೇ ಕೊಡಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಲು ಅವಕಾಶವಿದೆ. ಬಾಯಿಮಾತಿಗೆ ಬೆಲೆಯಿಲ್ಲ, ಬರೆದದ್ದಕ್ಕೇ ಬೆಲೆ.

ಇನ್ನೊಂದು ಪ್ರಶ್ನೆ ಉಳಿಯಿತು. ಲಕ್ಷಾಂತರ ಡಾಲರ್ ಕಾದಿರುವಾಗ ಕಾಲೇಜಿನ ಕೊನೆಯ ಪಂದ್ಯದಲ್ಲಿ ತೋಳನ್ನು ಪಣಕ್ಕಿಡಬೇಕೇ? 2020ರವರೆಗೆ ಡ್ರಾಫ್ಟ್ ಜೂನ್ ತಿಂಗಳಲ್ಲಿತ್ತು. ಆಗ ಪಂದ್ಯಾವಳಿಯ ನಡುವೆಯೇ ಹುಡುಗರ ಹೆಸರುಗಳು ಹೊರಬೀಳುತ್ತಿದ್ದವು. 2021ರಿಂದ ಅದು ಜುಲೈಗೆ ಹೋಗಿದೆ, ಓಮಾಹಾ ಮುಗಿದ ಮೇಲೆ. ತಮ್ಮ ಬೆಲೆ ನಿರ್ಧಾರವಾಗುವ ಮೊದಲೇ ಹುಡುಗರು ಕೊನೆಯ ಪಂದ್ಯ ಆಡಬೇಕು. ಆದರೂ ಕುಮಾರ್ ಆಡಿದ, ಸ್ಕೀನ್ಸ್ ಆಡಿದ. ಜೊತೆಯಲ್ಲಿ ಉಂಡು ಬೆಳೆದ ಗೆಳೆಯರ ತಂಡವನ್ನು ನಡುದಾರಿಯಲ್ಲಿ ಬಿಡಲು ಅವರಿಗೆ ಮನಸ್ಸಾಗಲಿಲ್ಲವೆಂದೇ ತಿಳಿಯಬೇಕು. ತರಬೇತುದಾರರ ಹೊಣೆಯೂ ಇಲ್ಲಿ ದೊಡ್ಡದು. ಪ್ರಶಸ್ತಿಯ ಆಸೆಗೆ ಹುಡುಗನ ತೋಳನ್ನು ಸವೆಸಬಾರದು.

ನಮ್ಮ ಗಡಿನಾಡಿನಲ್ಲಿ ಬೇಸ್‌ಬಾಲ್ ಇಲ್ಲದಿರಬಹುದು. ಆದರೆ ಎಸ್.ಎಸ್.ಎಲ್.ಸಿ. ಅಥವಾ ಪ್ಲಸ್ ಟು ಮುಗಿದೊಡನೆ ದೂರದ ಊರಿನಿಂದ, ಕಡಲಾಚೆಯಿಂದ ಸಂಬಳದ ಕರೆ ಬರುವುದುಂಟು. ಕಬಡ್ಡಿ, ಫುಟ್ಬಾಲ್ ಆಡುವ ಹುಡುಗರಿಗೆ ತಂಡಗಳ ಕರೆಯೂ ಬರುವುದುಂಟು. ಹೋಗುವುದು ತಪ್ಪಲ್ಲ, ಉಳಿಯುವುದೂ ತಪ್ಪಲ್ಲ. ಹೋಗುವವನು ಕಾಗದವನ್ನು ಪೂರ್ತಿ ಓದಿ ಹೋಗಲಿ, ಮರಳಿ ಬರಲು ಒಂದು ದಾರಿಯನ್ನು ಉಳಿಸಿಕೊಂಡು ಹೋಗಲಿ. ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ, ಪಡೆದ ಒಂದು ಪ್ರಮಾಣಪತ್ರ, ಅಂತಹ ದಾರಿಗಳಲ್ಲಿ ಒಂದು. ತೋಳು ಸೋತ ದಿನವೂ ಅದು ಜೊತೆಯಲ್ಲಿರುತ್ತದೆ.