ಝಳ ಏರಿತೆಂದು ಗರ್ಭಕೋಶ ತೆಗೆಸಬೇಕೆ?

ಪ್ರಶ್ನೆ: ನನಗೆ 46 ವರ್ಷ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆ. ರಾತ್ರಿ ಎದೆಯಿಂದ ಮುಖಕ್ಕೆ ಝಳ ಏರಿ ಬೆವರುತ್ತೇನೆ. ಕೆಟ್ಟ ರಕ್ತ ಒಳಗೇ ಉಳಿದಿದೆ, ಗರ್ಭಕೋಶ ತೆಗೆಸಿಬಿಡು ಎನ್ನುತ್ತಾರೆ ಓಣಿಯವರು. ಏನು ಮಾಡಲಿ?
– ಓದುಗರು, ಕಾನಹೊಸಹಳ್ಳಿ

ಉತ್ತರ: ಮೊದಲು ಆ ‘ಕೆಟ್ಟ ರಕ್ತ’ದ ಮಾತು ಬಿಡಿ ತಾಯಿ. ಮುಟ್ಟಿನಲ್ಲಿ ಹೋಗುವುದು ಗರ್ಭಕೋಶದ ಒಳಪದರ. ಅದು ಬೆಳೆಯುವುದೇ ಕಡಿಮೆಯಾದ ಮೇಲೆ ಒಳಗೆ ಉಳಿಯಲು ಏನಿದೆ? ಮುಟ್ಟು ನಿಲ್ಲುವ ಕಾಲ ಹತ್ತಿರವಾಗಿ ಈಸ್ಟ್ರೋಜನ್ ಹಾರ್ಮೋನ್ ಇಳಿದಾಗ ಮೈಬಿಸಿಯನ್ನು ಹತೋಟಿಯಲ್ಲಿಡುವ ಮೆದುಳಿನ ಭಾಗ ಏರುಪೇರಾಗುತ್ತದೆ, ಝಳ ಬರುವುದು ಅಲ್ಲಿಂದ. ಗರ್ಭಕೋಶ ತೆಗೆಸಿದರೆ ಅದು ಹೋಗುವುದಿಲ್ಲ. ಅಂಡಾಶಯವನ್ನೂ ಸೇರಿಸಿ ತೆಗೆದರಂತೂ ಮೆಲ್ಲಗೆ ಬರಬೇಕಾದ ಈ ಏರುಪೇರು ಒಮ್ಮೆಲೇ ಮೈಮೇಲೆ ಬೀಳುತ್ತದೆ, ಮೂಳೆಯೂ ಬೇಗ ಸವೆಯುತ್ತದೆ. ‘ಮಕ್ಕಳಾದವು, ಇನ್ನು ಅದೇಕೆ? ಕ್ಯಾನ್ಸರ್ ಭಯವಾದರೂ ತಪ್ಪುತ್ತದೆ’ ಎಂಬ ವಾದ ಕೇಳುತ್ತಲೇ ಇರುತ್ತೇವೆ. ಇಂಥದೇ ಭಯ ಹುಟ್ಟಿಸಿ ಬೇಡದ ಆಪರೇಷನ್ ಮಾಡಿದ ಆರೋಪ 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಬಯಲಿಗೆ ಬಂತು. ಇದನ್ನು ತಡೆಯುವ ಮಾರ್ಗಸೂಚಿ ಜಾರಿ ಮಾಡಿರೆಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ತೆಗೆಸಲೇಬೇಕಾದ ಕಾಯಿಲೆಗಳು ಇಲ್ಲವೆಂದಲ್ಲ. ಅದನ್ನು ಸ್ಕ್ಯಾನಿಂಗ್, ಬಯಾಪ್ಸಿ ಹೇಳಬೇಕು, ಓಣಿಯ ಕಟ್ಟೆಯಲ್ಲ. ನೀವು ಈಗ ಮಾಡಿಸಬೇಕಾದದ್ದು ಥೈರಾಯ್ಡ್, ಸಕ್ಕರೆ, ಬಿಪಿ, ಹಿಮೋಗ್ಲೋಬಿನ್ ಪರೀಕ್ಷೆ. ಥೈರಾಯ್ಡ್ ಹೆಚ್ಚಾದರೂ ಹೀಗೇ ಬೆವರುತ್ತದೆ, ಎದೆ ಬಡಿದುಕೊಳ್ಳುತ್ತದೆ. ಝಳ ತಡೆಯಲಾಗದಿದ್ದರೆ ಹಾರ್ಮೋನ್ ಮಾತ್ರೆ ಇದೆ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಬೇಡ, ಅವರಿಗೆ ಬೇರೆ ಮಾತ್ರೆಗಳಿವೆ.

ಪ್ರಶ್ನೆ: ವಯಸ್ಸು 54. ಮುಟ್ಟು ನಿಂತು ಮೂರು ವರ್ಷ. ಹೋದ ತಿಂಗಳು ಎರಡು ದಿನ ರಕ್ತದ ಕಲೆ ಕಂಡಿತು. ಮತ್ತೆ ಮುಟ್ಟಾಗಿದ್ದೀ, ಒಳ್ಳೆಯದೇ ಎಂದರು ಅತ್ತೆ. ಮೊಣಕಾಲು, ಬೆನ್ನು ನೋವೂ ಇದೆ.
– ಓದುಗರು, ಕೊಟ್ಟೂರು

ಉತ್ತರ: ಒಳ್ಳೆಯದಲ್ಲ. ಇಷ್ಟು ದಿನ ಕಾಯಬಾರದಿತ್ತು. ಮುಟ್ಟು ನಿಂತು ವರ್ಷ ತುಂಬಿದ ಮೇಲೆ ಒಂದು ಹನಿ ಕಂಡರೂ ಅದು ಮುಟ್ಟಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಪದರ ತೆಳುವಾದದ್ದೋ ಸಣ್ಣ ದುರ್ಮಾಂಸವೋ ಕಾರಣ. ಉಳಿದವರಲ್ಲಿ ಕ್ಯಾನ್ಸರ್ ಇರಬಹುದು, ಬೇಗ ಸಿಕ್ಕರೆ ಬಹುಪಾಲು ವಾಸಿಯಾಗುವಂಥದ್ದು. ಕಲೆ ನೋಡಿ ಯಾವುದೆಂದು ಯಾರೂ ಹೇಳಲಾರರು. ಒಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಪದರ 4 ಮಿ.ಮೀ. ಮೀರಿದ್ದರೆ ಬಯಾಪ್ಸಿ ಆಗಲೇಬೇಕು. ಕಲೆ ಮತ್ತೆ ಕಂಡರೆ ಪದರ ತೆಳುವಾಗಿದ್ದರೂ ಆಗಬೇಕು. ಈ ವಾರವೇ ಹೋಗಿ. ಕಾಲು ನೋವನ್ನೂ ಮುಟ್ಟಿನ ತಲೆಗೇ ಕಟ್ಟಬೇಡಿ. ಈಸ್ಟ್ರೋಜನ್ ಇಳಿದಾಗ ಮೂಳೆ ಸವೆಯುವುದು ನಿಜ, ಆದರೆ ನಮ್ಮ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟವೂ ಇದೆ, ಈ ನೋವು ಅದರಿಂದಲೂ ಬರಬಹುದು. ಚಿಕ್ಕಂದಿನಿಂದ ಯಾವ ನೀರು ಕುಡಿದಿರಿ, ಹಲ್ಲಿನ ಮೇಲೆ ಕಂದು ಪಟ್ಟೆ ಇದೆಯೇ ಎಂಬುದನ್ನು ಡಾಕ್ಟರಿಗೆ ಹೇಳಿ, ಎಕ್ಸ್‌ರೇ ಮತ್ತು ವಿಟಮಿನ್ ಡಿ ಪರೀಕ್ಷೆ ಕೇಳಿ. ಅಲ್ಲಿಯವರೆಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ದಿನಾ ನುಂಗಬೇಡಿ, ಕಿಡ್ನಿ ಹಾಳಾದೀತು.